ಮೆದುಳಿನ ಕಾಯಿಲೆಗಳ ರಿಸರ್ಚ್ ಕಲಿಯೋ ಸಮ್ಮರ್ ಕೋರ್ಸಿಗೆ ಹೋಗೋರಿಗೆ: ಅರ್ಜಿ ಹಾಕೋದ್ರಿಂದ ಹಿಡಿದು ವಾಪಸ್ ಬಂದ್ಮೇಲಿನ ಕೆಲಸದ ತನಕ

ಪಿಎಚ್‌ಡಿ ಮೊದಲ ಎರಡು ವರ್ಷದಲ್ಲಿರೋರು, ಎಂಎಸ್ಸಿ ಮುಗಿಸಿ ಈಗಷ್ಟೇ ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋ) ಆಗಿ ಲ್ಯಾಬ್ ಸೇರಿರೋರು, ಎಂಡಿ ಸೈಕಿಯಾಟ್ರಿ ಮಾಡ್ತಾ ರಿಸರ್ಚ್ ಕಡೆ ಮನಸ್ಸಿರೋ ಡಾಕ್ಟರ್‌ಗಳು, ಇವ್ರೆಲ್ಲ ಬೇಸಿಗೆ ಹತ್ರ ಬಂದಾಗ ಕೇಳೋ ಪ್ರಶ್ನೆ ಒಂದೇ. ಮೆದುಳಿನ ಕಾಯಿಲೆಗಳ ಮೇಲೆ ಒಂದು ವಾರನೋ ಎರಡು ವಾರನೋ ನಡೆಯೋ ಸಮ್ಮರ್ ಕೋರ್ಸಿಗೆ ಹೋಗೋದಾ ಬೇಡ್ವಾ, ಹೋಗೋದಾದ್ರೆ ಏನೇನು ತಯಾರಿ ಮಾಡ್ಕೋಬೇಕು? ನಾನು ಬೆಂಗಳೂರನ್ನೇ ಇಟ್ಕೊಂಡು ಹೇಳ್ತೀನಿ, ಯಾಕಂದ್ರೆ ಈ ವಿಷ್ಯ ಕಲಿಯೋಕೆ ಇಷ್ಟು ಅನುಕೂಲ ಇರೋ ಊರು ನಮ್ಮ ದೇಶದಲ್ಲಿ ತುಂಬಾ ಕಮ್ಮಿ. ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್, ಬಳ್ಳಾರಿ ರಸ್ತೆಯ ಜಿಕೆವಿಕೆ ಕ್ಯಾಂಪಸ್ಸಲ್ಲಿ ಜೀವವಿಜ್ಞಾನದ ರಿಸರ್ಚ್ ಸಂಸ್ಥೆಗಳಾದ ಎನ್‌ಸಿಬಿಎಸ್ ಮತ್ತೆ ಇನ್‌ಸ್ಟೆಮ್, ಜಕ್ಕೂರಲ್ಲಿ ಜವಾಹರಲಾಲ್ ನೆಹರೂ ಸೆಂಟರ್, ಐಐಎಸ್ಸಿ ಒಳಗೆ ಸೆಂಟರ್ ಫಾರ್ ನ್ಯೂರೋಸೈನ್ಸ್ ಮತ್ತೆ ಸೆಂಟರ್ ಫಾರ್ ಬ್ರೇನ್ ರಿಸರ್ಚ್, ಎಲ್ಲಾ ಒಂದೇ ಊರಲ್ಲಿ. ಪೇಷೆಂಟ್ ಕೂಡ ಇಲ್ಲೇ, ಸೆಲ್ ಲ್ಯಾಬ್ ಕೂಡ ಇಲ್ಲೇ.

ಇಡೀ ಲೇಖನದಲ್ಲಿ ನಾನು ಒತ್ತಿ ಹೇಳೋದು ಒಂದು ಮಾತು, ಅದನ್ನ ಮೊದ್ಲೇ ಹೇಳ್ಬಿಡ್ತೀನಿ. ಇಂಥ ಕೋರ್ಸಿಗೆ ಹೋದಾಗ ನಿಮಗೆ ಗೊತ್ತಿಲ್ಲದ ಕಡೆ ಹೋಗಿ ಕೂತ್ಕೊಳ್ಳಿ. ನೀವು ಲ್ಯಾಬಿನವ್ರಾದ್ರೆ ವಾರ್ಡಲ್ಲಿ, ನೀವು ಡಾಕ್ಟರಾದ್ರೆ ಲ್ಯಾಬಲ್ಲಿ ಸೆಲ್ ಬೆಳೆಸೋ ಜಾಗದಲ್ಲಿ, ಸೆಲ್ ಕಲ್ಚರ್ ಹುಡ್ ಮುಂದೆ. ಗೊತ್ತಿರೋ ವಿಷ್ಯವನ್ನೇ ಇನ್ನೊಂದು ಸಲ ಕೇಳೋಕೆ ರಜಾ ಹಾಕಿ ಅಷ್ಟು ದೂರ ಹೋಗ್ಬೇಕಾಗಿಲ್ಲ, ಅದು ಯೂಟ್ಯೂಬಲ್ಲೂ ಸಿಗತ್ತೆ.

ಯಾವ ಥರದ ಕೋರ್ಸು ಅಂತ ಮೊದ್ಲು ನೋಡ್ಕೊಳ್ಳಿ

ಬೇಸಿಗೆ ಕಾರ್ಯಕ್ರಮ ಅಂತ ಬರೋದೆಲ್ಲ ಒಂದೇ ಥರ ಇರಲ್ಲ. ವಿಜ್ಞಾನ ಅಕಾಡೆಮಿಗಳು ಕೊಡೋ ಸಮ್ಮರ್ ರಿಸರ್ಚ್ ಫೆಲೋಶಿಪ್ ಎಂಟು ವಾರದ್ದು, ಅಲ್ಲಿ ಒಬ್ಬರ ಲ್ಯಾಬಲ್ಲಿ ಕೂತು ಒಂದು ಪ್ರಾಜೆಕ್ಟ್ ಮಾಡ್ತೀರ, ಅದು ಕೋರ್ಸ್ ಅಲ್ಲ. ಎನ್‌ಸಿಬಿಎಸ್‌ನಲ್ಲಿ ಶುರುವಾದ ಕ್ಯಾಂಪ್ ಅನ್ನೋ ಕೋರ್ಸ್ ನೆನಪು ಮತ್ತೆ ಕಲಿಕೆಯ ಲೆಕ್ಕಾಚಾರದ ಮಾಡೆಲ್‌ಗಳ ಬಗ್ಗೆ, ಅಲ್ಲಿ ಗಣಿತ ಮತ್ತೆ ಪ್ರೋಗ್ರಾಮಿಂಗ್ ಜಾಸ್ತಿ, ಕಾಯಿಲೆ ಕಮ್ಮಿ. ನಾನಿಲ್ಲಿ ಹೇಳ್ತಿರೋದು ಮೂರನೇ ಥರದ್ದು, ಕಾಯಿಲೆಯನ್ನೇ ಮಧ್ಯದಲ್ಲಿಟ್ಟು ಕ್ಲಿನಿಕ್, ಜೆನೆಟಿಕ್ಸ್, ಸ್ಟೆಮ್ ಸೆಲ್ (ಬೇರೆ ಬೇರೆ ಥರದ ಸೆಲ್ ಆಗಿ ಬೆಳೆಯಬಲ್ಲ ಮೂಲ ಸೆಲ್), ಮೆದುಳಿನ ಸ್ಕ್ಯಾನ್ ಎಲ್ಲಾನೂ ಸ್ವಲ್ಪ ಸ್ವಲ್ಪ ತೋರಿಸೋದು.

ನಿಮ್ಹಾನ್ಸ್, ಎನ್‌ಸಿಬಿಎಸ್, ಇನ್‌ಸ್ಟೆಮ್ ಸೇರಿ ನಡೆಸಿದ ಎಡಿಬಿಎಸ್ ಅನ್ನೋ ದೊಡ್ಡ ಪ್ರಾಜೆಕ್ಟ್ ಗೊತ್ತಿದ್ರೆ ಈ ಥರದ ಕೋರ್ಸಿನ ಹಿಂದಿರೋ ಯೋಚನೆ ಬೇಗ ಅರ್ಥ ಆಗತ್ತೆ. ಒಂದೇ ಮನೆಯಲ್ಲಿ ಒಬ್ಬರಿಗಿಂತ ಜಾಸ್ತಿ ಜನಕ್ಕೆ ಮನಸ್ಸಿನ ಕಾಯಿಲೆ ಇರೋ ಕುಟುಂಬಗಳನ್ನ ಹುಡುಕಿ, ಸ್ಕಿಜೋಫ್ರೇನಿಯಾ (ಇಲ್ಲದ ದನಿ ಕೇಳೋದು, ಭ್ರಮೆ ಇರೋ ಕಾಯಿಲೆ), ಬೈಪೋಲಾರ್ (ಮನಸ್ಸು ವಿಪರೀತ ಏರಿ ಆಮೇಲೆ ಕುಸಿಯೋ ಕಾಯಿಲೆ), ಗೀಳು ಕಾಯಿಲೆ, ಚಟ, ಮರೆಗುಳಿ ಕಾಯಿಲೆ ಅಂತ ಐದು ಗುಂಪಿನವರನ್ನ ಸೇರಿಸ್ಕೊಂಡು, ಅವರ ಕ್ಲಿನಿಕಲ್ ಮಾಹಿತಿ, ಡಿಎನ್‌ಎ, ಮೆದುಳಿನ ಸ್ಕ್ಯಾನ್, ರಕ್ತದಿಂದ ಮಾಡಿದ ಸ್ಟೆಮ್ ಸೆಲ್ ಎಲ್ಲಾನೂ ಒಟ್ಟಿಗೆ ಇಟ್ಟು ನೋಡೋದು. ಈಗ ಅದೇ ದಾರಿಯಲ್ಲಿ ಎನ್‌ಸಿಬಿಎಸ್ ಮತ್ತೆ ನಿಮ್ಹಾನ್ಸ್ ಜೊತೆಯಾಗಿ ರೋಹಿಣಿ ನಿಲೇಕಣಿ ಹೆಸರಿನ ಸೆಂಟರ್ ಫಾರ್ ಬ್ರೇನ್ ಅಂಡ್ ಮೈಂಡ್ ನಡೆಸ್ತಿವೆ.

ನೋಟಿಸ್ ಕೈಗೆ ಬಂದ ತಕ್ಷಣ ನೋಡ್ಬೇಕಾದ್ದು ಮೂರು. ಪೇಷೆಂಟ್‌ಗಳನ್ನ, ಅವರ ಮನೆಯವರನ್ನ ಭೇಟಿ ಮಾಡಿಸ್ತಾರಾ? ಕೈಯಾರೆ ಮಾಡೋ ಸೆಷನ್ ಇದ್ಯಾ, ಅಥವಾ ಬೆಳಗ್ಗೆಯಿಂದ ಸಂಜೆ ತನಕ ಬರೀ ಲೆಕ್ಚರಾ? ಕೊನೆಗೆ ಸಣ್ಣ ಗ್ರೂಪಲ್ಲಿ ಏನಾದ್ರೂ ಪ್ರಪೋಸಲ್ ಬರೆಸ್ತಾರಾ? ಮೂರರಲ್ಲಿ ಎರಡಾದ್ರೂ ಇದ್ರೆ ಅರ್ಜಿ ಹಾಕಿ. ಯಾರು ಅರ್ಹರು, ಊಟ ವಸತಿ ಖರ್ಚು ಯಾರದ್ದು ಅನ್ನೋದು ವರ್ಷ ವರ್ಷ ಬದಲಾಗತ್ತೆ, ಆ ವರ್ಷದ ನೋಟಿಸಲ್ಲಿ ಏನಿದ್ಯೋ ಅದನ್ನೇ ನಂಬಿ, ಹಳೇ ಸೀನಿಯರ್ ಹೇಳಿದ್ದನ್ನಲ್ಲ.

ಅರ್ಜಿಯಲ್ಲಿ ಏನು ಬರೀಬೇಕು

ಅರ್ಜಿಯಲ್ಲಿ ಅರ್ಧ ಪುಟನೋ ಒಂದು ಪುಟನೋ ನಿಮ್ಮ ಬಗ್ಗೆ ಬರೀರಿ ಅಂತ ಕೇಳ್ತಾರೆ, ಬಹಳಷ್ಟು ಜನ ಎಡವೋದು ಇಲ್ಲೇ. ಚಿಕ್ಕಂದಿನಿಂದ ಮೆದುಳು ಅಂದ್ರೆ ನಂಗೆ ಕುತೂಹಲ, ಮೆದುಳು ಜಗತ್ತಿನ ಅತಿ ಸಂಕೀರ್ಣ ಅಂಗ ಅಂತೆಲ್ಲ ಶುರು ಮಾಡ್ಬೇಡಿ, ಆಯ್ಕೆ ಮಾಡೋರು ಅದೇ ಸಾಲನ್ನ ಅವತ್ತೇ ಎಷ್ಟೋ ಸಲ ಓದಿರ್ತಾರೆ. ಅದರ ಬದಲು ನಿಮ್ಮ ಕೈಲಿರೋ ಕೆಲಸ ಏನು, ಅದರಲ್ಲಿ ನಿಮಗೆ ಕಾಣದೇ ಇರೋದು ಏನು, ಈ ಕೋರ್ಸ್ ಅದನ್ನ ಹೇಗೆ ತೋರಿಸ್ಬಹುದು, ಇಷ್ಟನ್ನ ನೇರವಾಗಿ ಹೇಳಿ.

ಉದಾಹರಣೆಗೆ ಹೀಗೆ ಬರೀಬಹುದು: ನಾನು ಹಣ್ಣುನೊಣದಲ್ಲಿ ನರಕೋಶಗಳ ಮೇಲೆ ಕೆಲಸ ಮಾಡ್ತಿದೀನಿ, ನಾನು ನೋಡ್ತಿರೋ ಜೀನ್ ಫಿಟ್ಸ್ ಬರೋ ಮಕ್ಕಳಲ್ಲೂ ಕೆಟ್ಟಿರತ್ತೆ ಅಂತ ಓದಿದೀನಿ, ಆದ್ರೆ ಅಂಥ ಮಗುವನ್ನ ನಾನು ನೋಡಿಲ್ಲ, ಡಾಕ್ಟರ್ ಅದನ್ನ ಹೇಗೆ ಗುರುತಿಸ್ತಾರೆ ಅಂತ ಗೊತ್ತಿಲ್ಲ, ನೊಣದಲ್ಲಿ ನಾನು ಅಳೀತಿರೋದು ಆ ಮಗುವಿನ ತೊಂದ್ರೆಗೆ ನಿಜವಾಗ್ಲೂ ಸಂಬಂಧ ಪಟ್ಟಿದ್ದಾ ಅಂತ ತಿಳ್ಕೋಬೇಕು. ಇದು ನಾಲ್ಕೇ ಸಾಲು, ಆದ್ರೆ ಓದಿದವ್ರಿಗೆ ನೀವು ಯಾಕೆ ಬರ್ತಿದೀರ ಅಂತ ಸ್ಪಷ್ಟ ಆಗತ್ತೆ. ನೊಣದ ಮೇಲೆ ಕೆಲಸ ಮಾಡೋರು ಹಿಂಜರಿಯೋದೇ ಬೇಡ. ಎನ್‌ಸಿಬಿಎಸ್ ಕಟ್ಟಿದ ಒಬೈದ್ ಸಿದ್ದಿಕಿ ಅವ್ರು 1970ರ ದಶಕದಲ್ಲಿ ಅಮೆರಿಕದ ವಿಜ್ಞಾನಿ ಸೀಮರ್ ಬೆಂಜರ್ ಜೊತೆ ಸೇರಿ, ಬಿಸಿ ಏರಿದ ಕೂಡ್ಲೇ ಲಕ್ವ ಹೊಡೆದ ಹಾಗೆ ಬಿದ್ದುಹೋಗೋ ನೊಣಗಳನ್ನ ಇಟ್ಕೊಂಡೇ ನರಗಳಲ್ಲಿ ಸಿಗ್ನಲ್ ಹೇಗೆ ಹರಿಯತ್ತೆ ಅನ್ನೋದರ ಕೆಲಸ ಮಾಡಿದ್ದು. ನೊಣದಿಂದ ಮನುಷ್ಯರ ಕಾಯಿಲೆ ತನಕ ದಾರಿ ಇದ್ದೇ ಇದೆ.

ಶಿಫಾರಸು ಪತ್ರ ಕೇಳಿದ್ರೆ ನಿಮ್ಮ ಗೈಡ್‌ಗೆ ಕನಿಷ್ಠ ಎರಡು ವಾರ ಮುಂಚೆ ಹೇಳಿ, ಜೊತೆಗೆ ನೀವು ಬರೆದ ಆ ಅರ್ಧ ಪುಟನೂ ಕಳಿಸಿ, ಆಗ ಅವರ ಪತ್ರ ನಿಮ್ಮ ಮಾತಿಗೆ ಹೊಂದ್ಕೊಂಡು ಬರತ್ತೆ. ರಜಾ ಕೇಳೋಕೂ ಅದೇ ಒಳ್ಳೇ ಸಮಯ. ಸರ್ ಎರಡು ವಾರ ಇರಲ್ಲ ಅಂತ ಹೊರಡೋ ಹಿಂದಿನ ದಿನ ಹೇಳಿದ್ರೆ ಯಾವ ಗೈಡಿಗೂ ಇಷ್ಟ ಆಗಲ್ಲ, ನಿಮ್ಮ ಇಲಿಗಳನ್ನೋ ಸೆಲ್‌ಗಳನ್ನೋ ಅಷ್ಟು ದಿನ ಯಾರು ನೋಡ್ಕೋತಾರೆ ಅಂತ ನೀವೇ ಮೊದ್ಲು ಮಾತಾಡಿ ಇಟ್ಕೊಂಡು ಆಮೇಲೆ ಕೇಳಿ.

ಹೋಗೋಕೆ ಮುಂಚೆ ಒಂದು ತಿಂಗಳು

ಆಯ್ಕೆ ಆಯ್ತು ಅಂತಿಟ್ಕೊಳ್ಳಿ. ಈಗ ಮೆದುಳಿನ ಬಗ್ಗೆ ಇರೋ ದಪ್ಪ ಪುಸ್ತಕ ತಗೊಂಡು ಮೊದಲ ಪುಟದಿಂದ ಓದೋಕೆ ಕೂರ್ಬೇಡಿ, ಮುಗಿಯಲ್ಲ. ಒಂದೇ ಒಂದು ಕಾಯಿಲೆ ಆರಿಸ್ಕೊಳ್ಳಿ, ಅದನ್ನ ಮೇಲಿಂದ ಕೆಳಗಿನ ತನಕ ಓದಿ. ನಾನು ಎಲ್ರಿಗೂ ಹೇಳೋದು ಬೈಪೋಲಾರ್, ಯಾಕಂದ್ರೆ ಅದರಲ್ಲಿ ಕ್ಲಿನಿಕ್ಕಿಂದ ಸೆಲ್ ತನಕ ಹೋಗೋ ದಾರಿ ಚೆನ್ನಾಗಿ ಕಾಣತ್ತೆ.

ಮೊದಲ ವಾರ ಬರೀ ಲಕ್ಷಣ ಓದಿ. ಮ್ಯಾನಿಯಾ ಅಂದ್ರೆ ಏನು, ನಿದ್ದೆನೇ ಬೇಡ ಅನ್ನೋ ಹಾಗೆ ದಿನಗಟ್ಟಲೆ ಓಡಾಡೋದು, ಇದ್ದಬದ್ದ ದುಡ್ಡೆಲ್ಲ ಖರ್ಚು ಮಾಡೋದು, ಮಾತು ನಿಲ್ಲದೇ ಇರೋದು, ಆಮೇಲೆ ಕೆಲವು ತಿಂಗಳಿಗೆ ಅದೇ ಮನುಷ್ಯ ಹಾಸಿಗೆ ಬಿಟ್ಟು ಏಳೋಕಾಗದ ಹಾಗೆ ಕುಸಿಯೋದು. ಇಲ್ಲಿ ಒಂದು ವಿಷ್ಯ ಗಟ್ಟಿಯಾಗಿ ತಲೇಲಿರ್ಲಿ, ಬೈಪೋಲಾರ್, ಸ್ಕಿಜೋಫ್ರೇನಿಯಾದಂಥ ಕಾಯಿಲೆಗಳಿಗೆ ಇವತ್ತಿಗೂ ರಕ್ತಪರೀಕ್ಷೆ ಇಲ್ಲ, ಡಯಾಗ್ನೊಸಿಸ್ ನಡೆಯೋದು ಲಕ್ಷಣ ಮತ್ತೆ ಹಿನ್ನೆಲೆ ಕೇಳಿ ತಿಳ್ಕೊಂಡೇ. ಡಿಎಸ್‌ಎಂ ಐದು, ಐಸಿಡಿ ಹನ್ನೊಂದು ಅಂತ ಕಾಯಿಲೆ ಗುರುತಿಸೋಕೆ ಎರಡು ಪಟ್ಟಿಗಳಿವೆ, ಎರಡರಲ್ಲೂ ಬೈಪೋಲಾರ್ ಭಾಗ ಓದ್ಕೊಂಡು ಹೋಗಿ.

ಎರಡನೇ ವಾರ ಔಷಧಿ. ಲಿಥಿಯಂ ಬೈಪೋಲಾರ್‌ಗೆ ಕೆಲಸ ಮಾಡತ್ತೆ ಅಂತ ಆಸ್ಟ್ರೇಲಿಯಾದ ಜಾನ್ ಕೇಡ್ 1949ರಲ್ಲಿ ಬರೆದ್ರು, ಇವತ್ತಿಗೂ ಅದು ಮುಖ್ಯ ಔಷಧಿ. ಆದ್ರೆ ಕೆಲವ್ರಿಗೆ ತುಂಬಾ ಚೆನ್ನಾಗಿ ಹಿಡಿಯತ್ತೆ, ಕೆಲವ್ರಿಗೆ ಹಿಡಿಯೋದೇ ಇಲ್ಲ, ಯಾರಿಗೆ ಹಿಡಿಯತ್ತೆ ಅಂತ ಮುಂಚೆನೇ ಹೇಳೋಕಾಗಲ್ಲ. ಪೇಷೆಂಟ್ ಮನೆಯವ್ರಿಗೆ ಇದು ತಿಂಗಳುಗಟ್ಟಲೆ ಒದ್ದಾಟ, ನಮಗೆ ಇದು ರಿಸರ್ಚ್ ಪ್ರಶ್ನೆ.

ಮೂರನೇ ವಾರ ಜೀನ್. ಇಲ್ಲಿ ಸ್ಕಿಜೋಫ್ರೇನಿಯಾ ಕಡೆ ಸ್ವಲ್ಪ ಇಣುಕಿ, ಅಲ್ಲಿ ಕೆಲಸ ಜಾಸ್ತಿ ಆಗಿದೆ. 2014ರಲ್ಲಿ ದೊಡ್ಡ ಅಂತರರಾಷ್ಟ್ರೀಯ ಗುಂಪೊಂದು ಆ ಕಾಯಿಲೆಗೆ ಸಂಬಂಧಪಟ್ಟ 108 ಜಾಗಗಳನ್ನ ಜೀನೋಮಲ್ಲಿ ಗುರುತು ಮಾಡ್ತು, 2022ರ ಹೊತ್ತಿಗೆ ಅದು 287 ಆಯ್ತು. ಒಂದೊಂದು ಜಾಗದ ಪ್ರಭಾವನೂ ಬಹಳ ಸಣ್ಣದು, ಹಾಗಾಗಿ ಸ್ಕಿಜೋಫ್ರೇನಿಯಾ ಜೀನ್ ಸಿಕ್ತು ಅಂತ ಪೇಪರಲ್ಲಿ ಹೆಡ್‌ಲೈನ್ ಬಂದ್ರೆ ಒಂದು ನಿಮಿಷ ನಿಂತು ಓದಿ. ಇನ್ನೊಂದು, ಇಂಥ ಸ್ಟಡಿಗಳಲ್ಲಿರೋ ಡಿಎನ್‌ಎ ಬಹುಪಾಲು ಯುರೋಪ್ ಮೂಲದವರದ್ದು, ನಮ್ಮೋರದ್ದು ತುಂಬಾ ಕಮ್ಮಿ. ಹತ್ತು ಸಾವಿರ ಭಾರತೀಯರ ಜೀನೋಮ್ ಓದೋ ಜೀನೋಮ್ ಇಂಡಿಯಾ ಪ್ರಾಜೆಕ್ಟನ್ನ ಬೆಂಗಳೂರಿನ ಸೆಂಟರ್ ಫಾರ್ ಬ್ರೇನ್ ರಿಸರ್ಚ್ ಮುಂದೆ ನಿಂತು ನಡೆಸಿದ್ದು ಈ ಕೊರತೆ ತುಂಬೋಕೇನೆ.

ನಾಲ್ಕನೇ ವಾರ ಒಂದೇ ಪೇಪರ್. 2015ರಲ್ಲಿ ನೇಚರ್ ಅನ್ನೋ ವಿಜ್ಞಾನ ಪತ್ರಿಕೆಯಲ್ಲಿ ಬಂದಿದ್ದು, ಬೈಪೋಲಾರ್ ಇರೋರ ಚರ್ಮದ ಸೆಲ್‌ಗಳನ್ನ ಸ್ಟೆಮ್ ಸೆಲ್ ಮಾಡಿ ಅದರಿಂದ ನರಕೋಶ ಬೆಳೆಸಿದಾಗ ಆ ನರಕೋಶಗಳು ಮಾಮೂಲಿಗಿಂತ ಜಾಸ್ತಿ ಚುರುಕಾಗಿ ಸಿಗ್ನಲ್ ಹೊಡೀತಿದ್ವು, ಲಿಥಿಯಂ ಹಾಕಿದ್ರೆ ಆ ಚುರುಕು ಇಳೀತು, ಆದ್ರೆ ಯಾರಿಗೆ ಲಿಥಿಯಂ ಹಿಡಿದಿತ್ತೋ ಅವರ ನರಕೋಶದಲ್ಲಿ ಮಾತ್ರ. ಎಷ್ಟು ಚಂದದ ಫಲಿತಾಂಶ ಅಂತ ಅನ್ಸತ್ತೆ ಅಲ್ವಾ, ನಂಗೂ ಅನ್ಸತ್ತೆ. ಈಗ ಆ ಪೇಪರಲ್ಲಿ ಎಷ್ಟು ಜನ ಪೇಷೆಂಟ್ ಅಂತ ನೋಡಿ. ಆರೇ ಜನ. ಈ ಎರಡೂ ಭಾವನೆ ಒಟ್ಟಿಗೆ ಇಟ್ಕೊಂಡೇ ಕೋರ್ಸಿಗೆ ಹೋಗಿ, ಫಲಿತಾಂಶದ ಮೇಲೆ ಪ್ರೀತಿನೂ ಇರ್ಲಿ, ಸಂಖ್ಯೆ ಮೇಲೆ ಅನುಮಾನನೂ ಇರ್ಲಿ. 2013ರಲ್ಲಿ ಬಂದ ಒಂದು ಲೇಖನ ನ್ಯೂರೋಸೈನ್ಸ್ ಸ್ಟಡಿಗಳ ಸ್ಟ್ಯಾಟಿಸ್ಟಿಕಲ್ ಪವರ್ ಲೆಕ್ಕ ಹಾಕಿ ಮಧ್ಯಮ ಮೌಲ್ಯ ಶೇಕಡಾ 21ರ ಆಸುಪಾಸು ಅಂತ ತೋರಿಸ್ತು, ಅಂದ್ರೆ ನಿಜವಾಗ್ಲೂ ಇರೋ ವ್ಯತ್ಯಾಸವನ್ನ ಇಂಥ ಐದು ಸ್ಟಡಿ ಮಾಡಿದ್ರೆ ಒಂದು ಹಿಡಿಯತ್ತೆ ಅಷ್ಟೇ. ಸ್ಯಾಂಪಲ್ ಸೈಜ್ ಲೆಕ್ಕ ಹಾಕೋದು ಹೇಗೆ ಅಂತ ಹೋಗೋಕೆ ಮುಂಚೆನೇ ಕಲ್ತ್ಕೊಳ್ಳಿ.

ಲ್ಯಾಪ್‌ಟಾಪಲ್ಲಿ ಆರ್ ಅಥವಾ ಪೈಥಾನ್, ಚಿತ್ರ ನೋಡೋಕೆ ಫಿಜಿ, ಇಷ್ಟು ಹಾಕ್ಕೊಂಡಿರಿ, ಎಲ್ಲಾ ಫ್ರೀ. ಮೊದಲ ದಿನ ಇನ್‌ಸ್ಟಾಲ್ ಮಾಡೋದ್ರಲ್ಲೇ ಅರ್ಧ ಗಂಟೆ ಹೋಗೋದು ಬೇಡ.

ಓಡಾಟ

ನಿಮ್ಹಾನ್ಸ್ ಊರಿನ ದಕ್ಷಿಣಕ್ಕೆ, ಎನ್‌ಸಿಬಿಎಸ್ ಉತ್ತರಕ್ಕೆ, ಮಧ್ಯೆ ಇಡೀ ಬೆಂಗಳೂರು ಟ್ರಾಫಿಕ್ಕು. ಎರಡೂ ಕಡೆ ಸೆಷನ್ ಇದ್ರೆ ಸಾಮಾನ್ಯವಾಗಿ ಬಸ್ ಮಾಡಿರ್ತಾರೆ, ಇಲ್ಲ ಅಂದ್ರೆ ಬೆಳಗ್ಗೆ ಏಳರೊಳಗೆ ಹೊರಟ್ಬಿಡಿ. ಮೇ ತಿಂಗಳಲ್ಲಿ ಮಧ್ಯಾಹ್ನ ಸೆಕೆ, ಸಂಜೆ ದಿಢೀರ್ ಮಳೆ, ಛತ್ರಿ ಬ್ಯಾಗಲ್ಲಿರ್ಲಿ. ಲ್ಯಾಬ್ ಒಳಗೆ ಚಪ್ಪಲಿ ಬಿಡಲ್ಲ, ಮುಚ್ಚಿರೋ ಶೂ ಬೇಕೇ ಬೇಕು.

ವಾರ್ಡಲ್ಲಿ

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ ಲ್ಯಾಬಿಂದ ಬಂದೋರಿಗೆ ಇದೇ ಎಲ್ಲಕ್ಕಿಂತ ಮುಖ್ಯ, ಇಲ್ಲೇ ಜಾಸ್ತಿ ಗಾಬರಿ ಕೂಡ. ನಿಮ್ಹಾನ್ಸ್ ಜಾಗಕ್ಕೆ ದೊಡ್ಡ ಇತಿಹಾಸ ಇದೆ. 1847ರ ಆಸುಪಾಸಲ್ಲಿ ಬೆಂಗಳೂರಿನ ಹುಚ್ಚಾಸ್ಪತ್ರೆಯಾಗಿ ಶುರುವಾಗಿ, 1925ರಲ್ಲಿ ಮೆಂಟಲ್ ಹಾಸ್ಪಿಟಲ್ ಅಂತ ಹೆಸರು ಬದಲಾಗಿ, 1954ರಲ್ಲಿ ಅಖಿಲ ಭಾರತ ಮಟ್ಟದ ಕಲಿಕೆಯ ಸಂಸ್ಥೆ ಅದರ ಜೊತೆ ಬಂದು, 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯ್ತು, 2012ರಲ್ಲಿ ರಾಷ್ಟ್ರೀಯ ಮಹತ್ವದ ಸಂಸ್ಥೆ ಅಂತ ಕಾನೂನೂ ಬಂತು. ಹಳ್ಳಿ ಕಡೆ ಇವತ್ತಿಗೂ ಆ ಹೆಸರು ಹೇಳೋಕೆ ಜನ ಹಿಂಜರೀತಾರೆ. ಅಲ್ಲಿಗೆ ಬಂದು ಕೂತಿರೋ ಮನೆಯವ್ರು ಆ ಹಿಂಜರಿಕೆ ದಾಟಿ ಬಂದೋರು ಅನ್ನೋದು ನೆನಪಿರ್ಲಿ. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಪ್ರಕಾರ ವಯಸ್ಕರಲ್ಲಿ ಶೇ. 10.6ರಷ್ಟು ಜನಕ್ಕೆ ಒಂದಲ್ಲ ಒಂದು ಮಾನಸಿಕ ತೊಂದ್ರೆ ಇತ್ತು, ಕಾಯಿಲೆ ಯಾವುದು ಅನ್ನೋದ್ರ ಮೇಲೆ ಅವರಲ್ಲಿ ಶೇ. 70ರಿಂದ 92ರಷ್ಟು ಜನಕ್ಕೆ ಚಿಕಿತ್ಸೆನೇ ಸಿಕ್ಕಿರ್ಲಿಲ್ಲ. ಅಂದ್ರೆ ವಾರ್ಡಲ್ಲಿ ನೀವು ನೋಡೋರು ಚಿಕಿತ್ಸೆ ತನಕ ಬಂದು ಮುಟ್ಟಿದ ಸ್ವಲ್ಪ ಜನ ಮಾತ್ರ, ನಿಮ್ಮ ಸ್ಟಡಿಯ ಸ್ಯಾಂಪಲ್ ಕೂಡ ಅವರೇ ಆಗಿರ್ತಾರೆ. ಇದನ್ನ ಡೇಟಾ ನೋಡೋವಾಗಲೂ ಮರೀಬೇಡಿ.

ಒಳಗೆ ಹೋದ್ಮೇಲೆ ಮೊಬೈಲ್ ಬ್ಯಾಗಲ್ಲಿ. ಫೋಟೋ ಬೇಡವೇ ಬೇಡ, ಕಾರಿಡಾರ್ ಸೆಲ್ಫಿನೂ ಬೇಡ, ಹಿಂದೆ ಯಾರದ್ದೋ ಮುಖ ಬಂದಿರತ್ತೆ. ಡಾಕ್ಟರ್ ನಿಮ್ಮನ್ನ ಪರಿಚಯ ಮಾಡ್ಸೋ ತನಕ ಸುಮ್ನೆ ನಿಂತಿರಿ, ಆಮೇಲೆ ನೀವೇ ನಿಮ್ಮ ಹೆಸರು ಹೇಳಿ, ನಾನು ಡಾಕ್ಟರ್ ಅಲ್ಲಮ್ಮ, ಈ ಕಾಯಿಲೆ ಬಗ್ಗೆ ಕಲೀತಿದೀನಿ, ನಿಮ್ಗೆ ಇಷ್ಟ ಇದ್ರೆ ಮಾತ್ರ ಮಾತಾಡೋಣ ಅಂತ ಬಿಡಿಸಿ ಹೇಳಿ. ಕನ್ನಡ ಬರೋರಿಗೆ ಇಲ್ಲಿ ದೊಡ್ಡ ಅನುಕೂಲ ಇದೆ. ಮಂಡ್ಯದಿಂದನೋ ಚಳ್ಳಕೆರೆಯಿಂದನೋ ಬಂದಿರೋ ತಾಯಿ ಇಂಗ್ಲಿಷ್ ಪ್ರಶ್ನೆಪಟ್ಟಿಗೆ ಹೌದು ಇಲ್ಲ ಅಂತ ಮಾತ್ರ ಉತ್ರ ಕೊಡ್ತಾರೆ. ಅದೇ ತಾಯಿ ಹತ್ರ ಕೂತು, ಮೊದ್ಲು ಯಾವಾಗ ಗೊತ್ತಾಯ್ತಮ್ಮ, ಅವತ್ತು ಏನ್ ಮಾಡ್ದ ನಿಮ್ಮ ಮಗ ಅಂತ ಕೇಳಿದ್ರೆ ಅರ್ಧ ಗಂಟೆ ಮಾತಾಡ್ತಾರೆ, ಅದರಲ್ಲಿ ಕಾಯಿಲೆ ಶುರುವಾದ ತಿಂಗಳು, ನಿದ್ದೆ ಕೆಟ್ಟಿದ್ದು, ಗಾಳಿ ಸೋಕಿದೆ ಅಂತ ದೇವಸ್ಥಾನ ದರ್ಗಾ ಸುತ್ತಿದ್ದು, ಮಧ್ಯೆ ಮಾತ್ರೆ ಬಿಟ್ಟಿದ್ದು ಎಲ್ಲಾ ಬರತ್ತೆ. ದರ್ಗಾಗೆ ಹೋಗಿದ್ದಕ್ಕೆ ಮುಖ ಸಿಂಡರಿಸ್ಬೇಡಿ. ಕಾಯಿಲೆ ಶುರುವಾಗಿ ಆಸ್ಪತ್ರೆಗೆ ಬರೋ ತನಕ ಎಷ್ಟು ಕಾಲ ಹೋಯ್ತು ಅನ್ನೋದು ರಿಸರ್ಚಲ್ಲಿ ಬೆಲೆಬಾಳೋ ಮಾಹಿತಿ, ಅದು ಸಿಗೋದು ಇಂಥ ಮಾತಲ್ಲೇ.

ಹೊರಗೆ ಬಂದ್ಮೇಲೆ ಕ್ಯಾಂಟೀನಲ್ಲಿ, ಬಸ್ಸಲ್ಲಿ ಆ ಕೇಸಿನ ಬಗ್ಗೆ ಮಾತಾಡ್ಬೇಡಿ, ಪಕ್ಕದ ಸೀಟಲ್ಲಿರೋರು ಅದೇ ಮನೆಯವ್ರಾಗಿರ್ಬಹುದು. ನೋಟ್ಸಲ್ಲಿ ಹೆಸರು, ಊರು ಬರೀಬೇಡಿ. ಮನಸ್ಸು ಭಾರ ಆದ್ರೆ, ಆಗೇ ಆಗತ್ತೆ, ಜೊತೆಗಿರೋ ಡಾಕ್ಟರ್ ಹತ್ರ ಹೇಳ್ಕೊಳ್ಳಿ, ಅವ್ರಿಗೆ ಇದು ಹೊಸದಲ್ಲ. ನಿಮ್ಮ ಸ್ವಂತ ಮನೆಯಲ್ಲೇ ಯಾರಿಗಾದ್ರೂ ಇಂಥ ಕಾಯಿಲೆ ಇದ್ರೆ ವಾರ್ಡಿಗೆ ಹೋಗೋ ಮುಂಚೆನೇ ಕೋರ್ಸ್ ನಡೆಸೋರಿಗೆ ಒಂದು ಮಾತು ಹೇಳಿ.

ವಂಶವೃಕ್ಷ ಬರೆಯೋದು ಕಲೀರಿ

ಇದು ಸಣ್ಣ ಕೆಲಸ ಅನ್ಸತ್ತೆ, ಪೆನ್ನು ಪೇಪರ್ ಅಷ್ಟೇ ಸಾಕು, ಆದ್ರೆ ಕುಟುಂಬ ಆಧಾರಿತ ರಿಸರ್ಚಿಗೆ ಬುನಾದಿನೇ ಇದು. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ, ಕಾಯಿಲೆ ಇದ್ರೆ ತುಂಬಿಸಿ, ತೀರ್ಕೊಂಡಿದ್ರೆ ಓರೆ ಗೆರೆ, ರಕ್ತಸಂಬಂಧದ ಮದುವೆಗೆ ಜೋಡಿ ಗೆರೆ. ನಮ್ಮ ಕಡೆ ಈ ಜೋಡಿ ಗೆರೆ ತುಂಬಾ ಮುಖ್ಯ. ಅಕ್ಕನ ಮಗಳನ್ನ ಮದುವೆ ಆಗೋದು, ಸೋದರತ್ತೆ ಮಗ ಸೋದರಮಾವನ ಮಗಳು ಮದುವೆ ಆಗೋದು ದಕ್ಷಿಣ ಕರ್ನಾಟಕದಲ್ಲಿ ತಲೆಮಾರುಗಳಿಂದ ಇದೆ, ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದ್ರೆ ಮಾತ್ರ ಕಾಣಿಸ್ಕೊಳ್ಳೋ ಕಾಯಿಲೆಗಳು ಇಂಥ ಮನೆಗಳಲ್ಲಿ ಜಾಸ್ತಿ. ಸಂಬಂಧದಲ್ಲೇ ಮದುವೆ ಆಗಿದ್ದಾ ಅಂತ ಕೇಳಿ ಸುಮ್ನಾಗ್ಬೇಡಿ, ಯಾರ ಕಡೆಯಿಂದ, ಹೇಗೆ ಅಂತ ಒಂದೊಂದೇ ಹೆಜ್ಜೆ ಕೇಳಿ. ದೊಡ್ಡಪ್ಪ ಅಂದ್ರೆ ಸ್ವಂತ ದೊಡ್ಡಪ್ಪನಾ, ದಾಯಾದಿ ಕಡೆಯವ್ರಾ ಅಂತನೂ ಕೇಳಿ. ಮನೆಯಲ್ಲಿ ಒಬ್ಬ ಅಜ್ಜಿ ಇದ್ರೆ ಅವ್ರನ್ನ ಕೂರಿಸ್ಕೊಂಡು ಕೇಳಿ, ಮೂರು ತಲೆಮಾರು ಅವರ ಬಾಯಲ್ಲೇ ಇರತ್ತೆ.

ಇದಕ್ಕೆ ನಮ್ಮದೇ ಒಂದು ಉದಾಹರಣೆ ಹೇಳ್ಲೇಬೇಕು. ಬಿಸಿನೀರು ಫಿಟ್ಸ್, ಅಂದ್ರೆ ತಲೆಗೆ ಬಿಸಿನೀರು ಹೊಯ್ಕೊಂಡಾಗ ಮಾತ್ರ ಬರೋ ಮೂರ್ಛೆ. ಜಗತ್ತಿನ ಬೇರೆ ಕಡೆ ಅಪರೂಪ, ದಕ್ಷಿಣ ಭಾರತದಲ್ಲಿ, ಅದರಲ್ಲೂ ದಕ್ಷಿಣ ಕರ್ನಾಟಕದಲ್ಲಿ ಜಾಸ್ತಿ. ಬೆಂಗಳೂರಿನ ನ್ಯೂರಾಲಜಿಸ್ಟ್ ಕೆ.ಎಸ್. ಮಣಿ, ಆಮೇಲೆ ನಿಮ್ಹಾನ್ಸಿನ ಪಿ. ಸತೀಶ್‌ಚಂದ್ರ ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ರು, ಮಣಿ ಅವರ ತಂಡ ಚಾಮರಾಜನಗರದ ಯಳಂದೂರಲ್ಲಿ ಮೂರ್ಛೆ ಕಾಯಿಲೆ ಬಗ್ಗೆ ಊರೂರು ಸಮೀಕ್ಷೆನೂ ಮಾಡ್ತು. ಒಂದೇ ಮನೆಯಲ್ಲಿ ಹಲವ್ರಿಗೆ ಇದು ಬರೋದು ವಂಶವೃಕ್ಷ ಬರೆದಾಗ ಕಾಣಿಸ್ತು, ಅಂಥ ಕುಟುಂಬಗಳ ಡಿಎನ್‌ಎ ಇಟ್ಕೊಂಡು ಜಕ್ಕೂರಿನ ನೆಹರೂ ಸೆಂಟರಿನ ಲ್ಯಾಬ್ ಮತ್ತೆ ನಿಮ್ಹಾನ್ಸ್ ಸೇರಿ ಹತ್ತನೇ ಕ್ರೋಮೋಸೋಮ್ ಮತ್ತೆ ನಾಲ್ಕನೇ ಕ್ರೋಮೋಸೋಮಲ್ಲಿ ಜಾಗ ಗುರುತು ಮಾಡಿದ್ರು. ಜೊತೆಗೆ ಚಿಕಿತ್ಸೆನೂ ಸರಳವಾಯ್ತು. ನೀರಿನ ಬಿಸಿ ಕಮ್ಮಿ ಮಾಡೋದು, ಅದರಲ್ಲಿ ನಿಲ್ಲದಿದ್ರೆ ಡಾಕ್ಟರ್ ಸಲಹೆ ಮೇಲೆ ಸ್ನಾನಕ್ಕೆ ಮುಂಚೆ ಮಾತ್ರ ಕ್ಲೋಬಜಾಮ್ ಮಾತ್ರೆ ತಗೊಳ್ಳೋದು, ಬಹಳ ಜನಕ್ಕೆ ಅಷ್ಟೇ ಸಾಕಾಗತ್ತೆ. ಬಚ್ಚಲಮನೆಯಲ್ಲಿ ಏನಾಯ್ತು ಅಂತ ಡಾಕ್ಟರ್ ಸರಿಯಾಗಿ ಕೇಳಿದ್ರಿಂದ ಶುರುವಾಗಿ ಕ್ರೋಮೋಸೋಮ್ ತನಕ ಹೋದ ಕೆಲಸ ಇದು. ಕೋರ್ಸಲ್ಲಿ ಕಲೀಬೇಕಾಗಿರೋದು ಇದೇ ದಾರಿ.

ಸೆಲ್ ಲ್ಯಾಬಲ್ಲಿ

ಡಾಕ್ಟರ್‌ಗಳೇ, ಇದು ನಿಮಗೆ. ಜಪಾನಿನ ಶಿನ್ಯಾ ಯಮನಾಕಾ 2006ರಲ್ಲಿ ಇಲಿಯ, 2007ರಲ್ಲಿ ಮನುಷ್ಯರ ಚರ್ಮದ ಸೆಲ್‌ಗೆ ನಾಲ್ಕು ಜೀನ್ ಸೇರಿಸಿ ಅದನ್ನ ಮತ್ತೆ ಸ್ಟೆಮ್ ಸೆಲ್ ಮಾಡಿ ತೋರಿಸಿದ್ರು, 2012ರಲ್ಲಿ ನೊಬೆಲ್ ಬಂತು. ಅದರಿಂದಲೇ ಇವತ್ತು ನಿಮ್ಮ ಪೇಷೆಂಟಿನ ಸ್ವಲ್ಪ ರಕ್ತದಿಂದ ಅವರದ್ದೇ ಜೀನೋಮ್ ಇರೋ ನರಕೋಶ ಬೆಳೆಸೋಕಾಗೋದು. ರಕ್ತ ಕೊಟ್ಟು ಮುಂದಿನ ತಿಂಗಳು ರಿಸಲ್ಟ್ ಕೇಳೋ ವಿಷ್ಯ ಅಲ್ಲ ಇದು. ಸ್ಟೆಮ್ ಸೆಲ್ ಕಾಲೊನಿ ಕಾಣಿಸೋಕೇ ಕೆಲವು ವಾರ, ಅದರಲ್ಲಿ ಒಳ್ಳೇದನ್ನ ಆರಿಸಿ, ಕ್ರೋಮೋಸೋಮ್ ಸರಿ ಇದ್ಯಾ, ಮೈಕೋಪ್ಲಾಸ್ಮಾ ಸೋಂಕು ಇಲ್ವಾ ಅಂತ ಪರೀಕ್ಷೆ ಮಾಡಿ, ಆಮೇಲೆ ನರಕೋಶ ಮಾಡಿ, ಅದು ಬಲಿಯೋ ಹೊತ್ತಿಗೆ ತಿಂಗಳುಗಳು. ಹೆಚ್ಚುಕಮ್ಮಿ ದಿನಾ ಮೀಡಿಯಂ (ಸೆಲ್ ಬೆಳೆಯೋಕೆ ಬೇಕಾದ ಪೋಷಕ ದ್ರವ) ಬದಲಿಸ್ಬೇಕು, ಭಾನುವಾರ ಹಬ್ಬ ಅಂತಿಲ್ಲ, ಮನೆಯಲ್ಲಿ ಹಸು ಕಟ್ಟಿದ ಹಾಗೆ.

ಕೋರ್ಸಲ್ಲಿ ಪಿಪೆಟ್ ಕೈಗೆ ಕೊಟ್ರೆ ಬೇಡ ಅನ್ಬೇಡಿ. ಅಲ್ಲಿರೋ ಪಿಎಚ್‌ಡಿ ಹುಡುಗ ಹುಡುಗೀರ ಹತ್ರ ಕೇಳಿ, ಕಂಟ್ರೋಲ್ ಯಾರದ್ದು ತಗೊಂಡ್ರಿ, ಅದೇ ಮನೆಯ ಕಾಯಿಲೆ ಇಲ್ಲದ ಅಣ್ಣ ತಮ್ಮನದ್ದಾ, ಹೊರಗಿನವರದ್ದಾ? ಒಬ್ಬರ ರಕ್ತದಿಂದ ಎಷ್ಟು ಸೆಲ್ ಲೈನ್ (ಬೇರೆ ಬೇರೆಯಾಗಿ ಬೆಳೆಸಿದ ಸೆಲ್ ಗುಂಪು) ಮಾಡಿದ್ರಿ? ಬ್ಯಾಚ್ ಬದಲಾದ್ರೆ ರಿಸಲ್ಟ್ ಬದಲಾಗತ್ತಾ? ತಟ್ಟೆಯಲ್ಲಿರೋ ನರಕೋಶಕ್ಕೆ ದುಃಖನೂ ಇಲ್ಲ ಭ್ರಮೆನೂ ಇಲ್ಲ, ಅಲ್ಲಿ ಕಾಣೋದು ಕಾಯಿಲೆಯ ಒಂದು ಸಣ್ಣ ತುಂಡು, ಯಾವ ತುಂಡು ಅಂತ ಹೇಳೋಕೆ ವಾರ್ಡ್ ನೋಡಿರೋ ನೀವೇ ಬೇಕು. ಇಲಿ ಮಾಡೆಲ್‌ಗಳಿಗೂ ಇದೇ ಮಾತು.

ಸ್ಕ್ಯಾನು, ಬ್ರೇನ್ ಬ್ಯಾಂಕು, ಶ್ರೀನಿವಾಸಪುರ

ಎಂಆರ್‌ಐ ಇಇಜಿ ಸೆಷನ್ ಬಗ್ಗೆ ಜಾಸ್ತಿ ಹೇಳಲ್ಲ, ತೋರಿಸೋರು ಚೆನ್ನಾಗಿ ತೋರಿಸ್ತಾರೆ. ಒಂದೇ ಸಲಹೆ, ಬಣ್ಣಬಣ್ಣದ ಚಿತ್ರ ನೋಡಿದಾಗ ಆ ಬಣ್ಣ ಎಷ್ಟು ಜನರ ಸರಾಸರಿ, ಪೇಷೆಂಟ್ ಒಳಗೆ ಅಲುಗಾಡಿದ್ದಕ್ಕೆ ಏನು ಮಾಡಿದ್ರಿ ಅಂತ ಕೇಳಿ.

ನಿಮ್ಹಾನ್ಸಲ್ಲಿ 1995ರಲ್ಲಿ ಶುರುವಾದ ಬ್ರೇನ್ ಬ್ಯಾಂಕ್ ಇದೆ, ತೀರ್ಕೊಂಡವರ ಮನೆಯವ್ರು ದಾನ ಕೊಟ್ಟ ಮೆದುಳುಗಳನ್ನ ರಿಸರ್ಚಿಗಾಗಿ ಕಾಪಾಡಿ ಇಟ್ಟಿರ್ತಾರೆ. ಅಲ್ಲಿನ ಮ್ಯೂಸಿಯಂಗೆ ಸಾರ್ವಜನಿಕರೂ ಹೋಗ್ಬಹುದು. ಕೋರ್ಸಿನ ಪಟ್ಟಿಯಲ್ಲಿ ಇಲ್ಲದಿದ್ರೂ ಕೇಳ್ಕೊಂಡು ಹೋಗಿಬನ್ನಿ. ಪಾರ್ಶ್ವವಾಯು, ಗಡ್ಡೆ, ಸೋಂಕು ಆದ ಮೆದುಳುಗಳಲ್ಲಿ ಹಾನಿ ಕಣ್ಣಿಗೇ ಕಾಣತ್ತೆ, ಸ್ಕಿಜೋಫ್ರೇನಿಯಾ ಇದ್ದವರ ಮೆದುಳಲ್ಲಿ ಹಾಗೆ ಬರಿಗಣ್ಣಿಗೆ ಏನೂ ಸಿಗಲ್ಲ, ಈ ವ್ಯತ್ಯಾಸ ಒಂದ್ಸಲ ಎದುರಿಗೆ ನಿಂತು ನೋಡಿದ್ರೆ ಮನಸ್ಸಿನ ಕಾಯಿಲೆಗಳ ರಿಸರ್ಚ್ ಯಾಕಿಷ್ಟು ಕಷ್ಟ ಅಂತ ಗೊತ್ತಾಗತ್ತೆ.

ಮರೆಗುಳಿ ಕಾಯಿಲೆ ಕಡೆ ಆಸಕ್ತಿ ಇರೋರು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಸ್ಟಡಿ ಬಗ್ಗೆ ಓದ್ಕೊಂಡು ಬನ್ನಿ. ಮಾವಿನಹಣ್ಣಿಗೆ ಹೆಸರಾದ ಆ ತಾಲೂಕಿನ ಹಳ್ಳಿಗಳಲ್ಲಿ 45 ವರ್ಷ ದಾಟಿದ ಹತ್ತು ಸಾವಿರ ಜನರನ್ನ ಸೇರಿಸ್ಕೊಂಡು ವರ್ಷಗಟ್ಟಲೆ ಅವರ ನೆನಪು, ಆರೋಗ್ಯ, ಮೆದುಳು ಹೇಗೆ ಬದಲಾಗತ್ತೆ ಅಂತ ನೋಡೋ ಗುರಿ ಸೆಂಟರ್ ಫಾರ್ ಬ್ರೇನ್ ರಿಸರ್ಚಿನದ್ದು. ಕಾಯಿಲೆ ಬರೋ ಮುಂಚಿನಿಂದಲೇ ನೋಡ್ತಾ ಹೋಗೋದು ಇದರ ವಿಶೇಷ. ಇಲ್ಲಿ ಯೋಚಿಸ್ಬೇಕಾದ ಪ್ರಶ್ನೆ ಒಂದಿದೆ. ಶಾಲೆಗೇ ಹೋಗದ ರೈತ ಮಹಿಳೆಯ ನೆನಪಿನ ಶಕ್ತಿಯನ್ನ, ಓದು ಬರಹ ಬರೋರಿಗೆ ಅಂತ ಮಾಡಿದ ಪರೀಕ್ಷೆಯಿಂದ ಅಳೆಯೋದು ಹೇಗೆ? ಗಡಿಯಾರದ ಚಿತ್ರ ಬರೀರಿ ಅಂದ್ರೆ ಪೆನ್ನು ಹಿಡಿದೇ ಅಭ್ಯಾಸ ಇಲ್ಲ, ಆದ್ರೆ ಸಂತೆಯ ಲೆಕ್ಕ ಬಾಯಲ್ಲೇ ಹೇಳ್ತಾರೆ. ಪರೀಕ್ಷೆ ತಪ್ಪಿದ್ರೆ ಆರೋಗ್ಯವಾಗಿರೋರನ್ನೂ ಕಾಯಿಲೆಯವ್ರು ಅಂದ್ಬಿಡ್ತೀವಿ. ಇಂಥ ಪ್ರಶ್ನೆ ಹಿಡ್ಕೊಂಡೇ ಒಂದು ಪಿಎಚ್‌ಡಿ ಮಾಡ್ಬಹುದು.

ಒಪ್ಪಿಗೆ ಪತ್ರ ಅನ್ನೋದು ಬರೀ ಸಹಿ ಅಲ್ಲ

ಎಥಿಕ್ಸ್ ಸೆಷನ್ ಊಟ ಆದ್ಮೇಲೆ ಇಟ್ಟಿರ್ತಾರೆ, ನಿದ್ದೆ ಬರತ್ತೆ, ಆದ್ರೂ ಕೂತ್ಕೊಳ್ಳಿ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ತಂದ 2017ರ ಎಥಿಕ್ಸ್ ಮಾರ್ಗಸೂಚಿ, ಅದೇ ವರ್ಷದ ಸ್ಟೆಮ್ ಸೆಲ್ ಮಾರ್ಗಸೂಚಿ, 2017ರ ಮಾನಸಿಕ ಆರೋಗ್ಯ ಕಾಯ್ದೆ, ಈ ಮೂರರ ಹೆಸರಾದ್ರೂ ಗೊತ್ತಿರ್ಬೇಕು. ಒಂದು ಒಳ್ಳೇ ಅಭ್ಯಾಸ ಹೇಳ್ತೀನಿ, ಕನ್ನಡದ ಒಪ್ಪಿಗೆ ಪತ್ರ ಒಂದು ಕೇಳಿ ಇಸ್ಕೊಂಡು ಜೋರಾಗಿ ಓದಿ ನೋಡಿ. ನಿಮ್ಮೂರಿನ ಅತ್ತೆಗೋ ದೊಡ್ಡಮ್ಮನಿಗೋ ಅದು ಅರ್ಥ ಆಗತ್ತಾ? ರಕ್ತ ಕೊಟ್ಟ ಮೇಲೆ ಅದರಿಂದ ಮಾಡಿದ ಸೆಲ್ ವರ್ಷಾನುಗಟ್ಟಲೆ ಫ್ರೀಜರಲ್ಲಿರತ್ತೆ, ಬೇರೆ ಲ್ಯಾಬಿಗೂ ಹೋಗ್ಬಹುದು, ಬೇಡ ಅನ್ಸಿದ್ರೆ ಅವರು ಹಿಂದೆ ಸರೀಬಹುದು, ಇದೆಲ್ಲ ಅವ್ರಿಗೆ ಅರ್ಥ ಆಗೋ ಮಾತಲ್ಲಿ ಇರ್ಬೇಕು. ಸರಿ ಇಲ್ಲ ಅನ್ಸಿದ್ರೆ ತಿದ್ದಿ ಕೊಡಿ. ಕೋರ್ಸಿಗೆ ಬಂದಿರೋ ಕನ್ನಡದವ್ರು ಮಾಡ್ಬಹುದಾದ ನೇರವಾದ ಉಪಕಾರ ಇದು.

ಗ್ರೂಪ್ ಪ್ರಾಜೆಕ್ಟು

ಗ್ರೂಪ್ ಮಾಡೋವಾಗ ನಿಮ್ಮ ಸ್ನೇಹಿತರ ಜೊತೆನೇ ಸೇರ್ಕೋಬೇಡಿ. ಒಬ್ಬ ಡಾಕ್ಟರ್, ಒಬ್ಬ ಬಯಾಲಜಿಯವ್ರು, ಕೋಡ್ ಬರೆಯೋಕೆ ಬರೋ ಒಬ್ರು ಇರ್ಲಿ. ಪ್ರಶ್ನೆ ಸಣ್ಣದಿರ್ಲಿ. ಸ್ಕಿಜೋಫ್ರೇನಿಯಾ ಯಾಕೆ ಬರತ್ತೆ ಅನ್ನೋದು ಪ್ರಶ್ನೆ ಅಲ್ಲ. ಅಣ್ಣನಿಗೆ ಬೈಪೋಲಾರ್ ಇದ್ದು ತಮ್ಮನಿಗೆ ಇಲ್ಲದಿರೋ ಜೋಡಿಗಳಲ್ಲಿ ನಿದ್ದೆಯ ಮಾದರಿ ಬೇರೆ ಇರತ್ತಾ ಅನ್ನೋದು ಪ್ರಶ್ನೆ. ಏನು ಅಳೀತೀರಿ, ಎಷ್ಟು ಜನ ಬೇಕು, ಊಹೆ ತಪ್ಪಾಗಿದ್ರೆ ಡೇಟಾದಲ್ಲಿ ಏನು ಕಾಣತ್ತೆ, ಈ ಮೂರು ಬರೆದ್ರೆ ಪ್ರಪೋಸಲ್ ಅರ್ಧ ಮುಗೀತು. ಸ್ಲೈಡ್ ಅಂದ ಮಾಡೋದ್ರಲ್ಲಿ ರಾತ್ರಿ ಕಳೀಬೇಡಿ.

ವಾಪಸ್ ಬಂದ್ಮೇಲೆ

ಮೊದಲ ವಾರದಲ್ಲೇ ನಿಮ್ಮ ಲ್ಯಾಬ್ ಮೀಟಿಂಗಲ್ಲಿ ಅರ್ಧ ಗಂಟೆ ಕೇಳಿ, ಕಲಿತಿದ್ದು ಹೇಳಿ, ಪೇಷೆಂಟ್ ಗುರುತು ಸಿಗೋ ಏನನ್ನೂ ಹೇಳದ ಹಾಗೆ. ಹಾಸನದಲ್ಲೋ ಕಲಬುರಗಿಯಲ್ಲೋ ಓದಿದ್ರೆ ನಿಮ್ಮ ಹಳೇ ಡಿಗ್ರಿ ಕಾಲೇಜಿಗೆ ಹೋಗಿ ಕನ್ನಡದಲ್ಲೇ ಒಂದು ಮಾತು ಹೇಳಿಬನ್ನಿ, ಇಂಥ ಕೋರ್ಸ್ ಇದೆ ಅಂತನೇ ಗೊತ್ತಿಲ್ಲದ ಮಕ್ಕಳು ಅಲ್ಲಿ ಬೇಕಾದಷ್ಟು ಜನ ಇದ್ದಾರೆ.

ಸ್ವಂತ ಡೇಟಾ ಇಲ್ಲದಿದ್ರೂ ಕೆಲಸ ಶುರು ಮಾಡ್ಬಹುದು. ಎಲ್ರಿಗೂ ತೆರೆದಿರೋ ಡೇಟಾ ಸೈಟ್‌ಗಳಿವೆ, ಓಪನ್‌ನ್ಯೂರೋದಲ್ಲಿ ಮೆದುಳಿನ ಸ್ಕ್ಯಾನ್‌ಗಳಿವೆ, ಅಬೈಡ್‌ನಲ್ಲಿ ಆಟಿಸಂ ಇರೋರ ಮತ್ತೆ ಇಲ್ಲದವರ ಸ್ಕ್ಯಾನ್‌ಗಳಿವೆ, ಯಾವ ಜೀನ್ ಮೆದುಳಿನ ಯಾವ ಭಾಗದಲ್ಲಿ ಕೆಲಸ ಮಾಡತ್ತೆ ಅಂತ ಆಲೆನ್ ಅಟ್ಲಾಸಲ್ಲಿ ನೋಡ್ಬಹುದು. ಬೆಂಗಳೂರಿನ ಕುಟುಂಬಗಳ ಡೇಟಾ ಬೇಕು ಅಂದ್ರೆ ಅದಕ್ಕೆ ಬೇರೆ ಅರ್ಜಿ, ಎಥಿಕ್ಸ್ ಕಮಿಟಿ ಒಪ್ಪಿಗೆ ಎಲ್ಲಾ ಬೇಕು, ಅದು ತಿಂಗಳುಗಟ್ಟಲೆ ಹಿಡಿಯತ್ತೆ, ಹಾಗಾಗಿ ಮೊದ್ಲು ಓಪನ್ ಡೇಟಾ ಮೇಲೆ ನಿಮ್ಮ ಯೋಚನೆ ನಿಲ್ಲತ್ತಾ ಅಂತ ನೋಡ್ಕೊಳ್ಳಿ.

ಆಮೇಲೆ ಕೋರ್ಸಲ್ಲಿ ಪಾಠ ಮಾಡಿದವರಲ್ಲಿ ನಿಮ್ಮ ಪ್ರಶ್ನೆಗೆ ಹತ್ರ ಇರೋ ಒಬ್ರಿಗೆ ಎರಡು ವಾರದೊಳಗೆ ಮೇಲ್ ಬರೀರಿ, ಮೂರು ತಿಂಗಳಾದ್ಮೇಲೆ ಅವ್ರಿಗೆ ನಿಮ್ಮ ಮುಖ ನೆನಪಿರಲ್ಲ. ಮೇಡಂ ಅಥವಾ ಸರ್ ಅಂತ ಶುರು ಮಾಡಿ, ಯಾವ ದಿನ ಯಾವ ಸೆಷನಲ್ಲಿ ಯಾವ ಪ್ರಶ್ನೆ ಕೇಳಿದ್ರಿ ಅಂತ ಒಂದು ಸಾಲು, ಒಂದು ಪುಟದ ಪ್ರಪೋಸಲ್ ಲಗತ್ತು, ಇದರಲ್ಲಿ ಮೊದ್ಲು ಯಾವುದನ್ನ ಪರೀಕ್ಷೆ ಮಾಡ್ಲಿ ಅಂತ ಒಂದೇ ಪ್ರಶ್ನೆ. ನಿಮ್ಮ ಗೈಡ್‌ಗೂ ಕಾಪಿ ಹಾಕಿ. ಹತ್ತು ದಿನ ಉತ್ರ ಬರದಿದ್ರೆ ಒಂದು ಸಲ ನೆನಪಿಸಿ, ಆಗ್ಲೂ ಬರದಿದ್ರೆ ಅವರ ಲ್ಯಾಬಿನ ಪೋಸ್ಟ್‌ಡಾಕ್ ಯಾರಾದ್ರೂ ಕೋರ್ಸಲ್ಲಿ ಸಿಕ್ಕಿದ್ರೆ ಅವ್ರಿಗೆ ಬರೀರಿ.